ತಟ್ಟೆಯೊಂದಕ್ಕೆ 34 ಪೈಸೆ

ಅಡಿಕೆ ಗರಿಯ ಬುಡದಲ್ಲಿರುವ ಅಗಲ ಪೊರೆಯೇ ಹಾಳೆ. ಅದರಿಂದ ತಟ್ಟೆ ಮಾಡುವ ಘಟಕಕ್ಕೆ ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ‘ತೋಟದ ತ್ಯಾಜ್ಯದಿಂದ ತಟ್ಟೆ’ ಎಂಬ ಸಾಲು ತಪ್ಪದೆ ಇರುತ್ತದೆ. ನಮ್ಮ ವರದಿಯಲ್ಲೂ ಇತ್ತು. ಹಾಳೆ ಕೇಳಿಕೊಂಡು ಮಲೆನಾಡಿನ ಮನೆಗಳ ಅಂಗಳಕ್ಕೆ ಹೋದಾಗ ಎದುರಾದ ಮೊದಲ ಪ್ರಶ್ನೆಯೇ ಆ ಸಾಲನ್ನು ಹೊಡೆದುಹಾಕಿತು: “ಹಾಳೆ ನಿಮಗೆ ಕೊಟ್ರೆ ದನಕ್ಕೆ ಎಂತ ಹಾಕ್ಲಿ?”

ಹಾಳೆ ತೋಟದಲ್ಲಿ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಹಸಿಯಿರುವಾಗ ಕೊಚ್ಚಿ ದನಕ್ಕೆ ಹಾಕುತ್ತಾರೆ. ಮಳೆಗಾಲಕ್ಕೆ ಮೊದಲು, ಮಳೆ ತಾಗದಂತೆ ಅಡಿಕೆ ಗೊನೆಗೆ ಹಾಳೆಯ ಕೊಟ್ಟೆ (ಹೊದಿಕೆ) ಕಟ್ಟುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಉಳಿದದ್ದು ಸೋಗೆಯ (ಗರಿಯ) ಜೊತೆ ಮರದ ಬುಡದಲ್ಲೇ ಮುಚ್ಚಿಗೆಯಾಗಿ ಕೊಳೆತು ಮರಕ್ಕೇ ಗೊಬ್ಬರವಾಗುತ್ತದೆ. ಆ ಹಾಳೆಯನ್ನು ಗಾಡಿ ತುಂಬಿ ಹೊರಗೆ ಸಾಗಿಸಿದರೆ ಮಣ್ಣಿಗೆ ಸೇರಬೇಕಾದ ಸಾರವೂ ಜೊತೆಗೇ ಹೋಗುತ್ತದೆ. ಪರಿಸರಸ್ನೇಹಿ ಎಂದು ಹಣೆಪಟ್ಟಿ ಹಚ್ಚಿಕೊಂಡ ಉದ್ಯಮ ಒಂದು ಊರಿನ ತೋಟಗಳನ್ನು ಬಡವಾಗಿಸುತ್ತ ಇನ್ನೊಂದು ಊರಿನ ಮದುವೆ ಮನೆಯನ್ನು ಹಸಿರಾಗಿಸುವುದು ನಮಗೆ ಸರಿ ಕಾಣಲಿಲ್ಲ. ಆದ್ದರಿಂದ ಯಂತ್ರದ ದರಪಟ್ಟಿ ತರಿಸುವ ಮುಂಚೆ ಹಾಳೆಯ ಲೆಕ್ಕಕ್ಕೆ ಕುಳಿತೆವು.

ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರ. ಒಂದು ಮರ ವರ್ಷಕ್ಕೆ 7 ಹಾಳೆ ಉದುರಿಸುತ್ತದೆ ಎಂದು ಹಿಡಿದರೂ ಎಕರೆಗೆ 3,800 ದಾಟುತ್ತದೆ. ಕಾಗದದ ಮೇಲೆ ಇದು ಧಾರಾಳವಾಗಿ ಕಾಣುತ್ತದೆ. ತಟ್ಟೆಗೆ ಬರುವುದು ಇದರಲ್ಲಿ ಅರ್ಧವಷ್ಟೇ, ಎಕರೆಗೆ ಸುಮಾರು 2,000. ಮಳೆಯಲ್ಲಿ ಬಿದ್ದದ್ದು ಕಪ್ಪಾಗುತ್ತದೆ, ಎಳೆಯ ಮತ್ತು ಸೊರಗಿದ ಮರಗಳ ಹಾಳೆಗೆ ಅಗಲ ಸಾಲದು, ಬೀಳುವಾಗಲೇ ಸೀಳಿದವು ಬೇರೆ. 10 ಇಂಚಿನ ತಟ್ಟೆ ತೆಗೆಯಬೇಕಾದರೆ ಹಾಳೆಯ ಅಗಲ ಅಚ್ಚಿಗಿಂತ ಕನಿಷ್ಠ ಒಂದೂವರೆ ಎರಡು ಇಂಚು ಹೆಚ್ಚಿರಬೇಕು. 12 ಇಂಚಿನ ತಟ್ಟೆಗೆ ಒಗ್ಗುವ ಹಾಳೆ ನೂರಕ್ಕೆ ಎಷ್ಟು ಸಿಗುತ್ತದೆ ಎಂಬುದನ್ನು ನಿಮ್ಮ ಊರಿನ ನಾಲ್ಕು ತೋಟಗಳಲ್ಲಿ ಟೇಪು ಹಿಡಿದು ಅಳೆದ ಮೇಲೆಯೇ ಅಚ್ಚಿಗೆ ಆರ್ಡರ್ ಕೊಡಿ. ದೊಡ್ಡ ಅಚ್ಚು ತರಿಸಿ ಅದಕ್ಕೆ ಹಾಳೆ ಸಿಗದೆ ಮೂಲೆಗಿಟ್ಟ ಘಟಕಗಳು ಬೇಕಾದಷ್ಟಿವೆ. ನಮ್ಮ ಐದು ಅಚ್ಚುಗಳಲ್ಲಿ ಮೂರು 10 ಇಂಚಿನವು, ಒಂದು 6 ಇಂಚಿನದು, ಒಂದು ಬಟ್ಟಲಿನದು. ದೊಡ್ಡ ತಟ್ಟೆ ತೆಗೆದ ಮೇಲೆ ಹಾಳೆಯ ತುದಿಯಲ್ಲಿ ಉಳಿಯುವ ಜಾಗದಲ್ಲಿ ಚಿಕ್ಕದು ಬರುತ್ತದೆ.

ಐದು ಅಚ್ಚಿಗೆ ದಿನವೊಂದಕ್ಕೆ 800 ಹಾಳೆ ಬೇಕು. ವರ್ಷಕ್ಕೆ 200 ದಿನ ಪ್ರೆಸ್ (ತಟ್ಟೆ ಒತ್ತುವ ಯಂತ್ರ) ನಡೆದರೆ 1,60,000 ಹಾಳೆ. ಎಂದರೆ 80 ಎಕರೆ ತೋಟ. ಮಲೆನಾಡಿನಲ್ಲಿ ಒಂದೆರಡು ಎಕರೆಯ ಹಿಡುವಳಿಗಳೇ ಹೆಚ್ಚು. ಹೀಗಾಗಿ ಐವತ್ತು ಅರವತ್ತು ಮನೆಗಳೊಂದಿಗೆ ಮಾತಾಗಬೇಕು. ಇಷ್ಟು ಮನೆಗಳ ಜೊತೆ ವರ್ಷವಿಡೀ ನಂಬಿಕೆ ಉಳಿಸಿಕೊಳ್ಳುವುದೇ ಈ ಉದ್ಯಮದ ನಿಜವಾದ ಬಂಡವಾಳ. ಯಂತ್ರ ದುಡ್ಡು ಕೊಟ್ಟರೆ ಬರುತ್ತದೆ.

ಮನೆಗಳೊಂದಿಗೆ ಮಾಡಿಕೊಂಡ ಒಪ್ಪಂದದ ಮಾತುಗಳು ಕೆಲವೇ. ಹಾಳೆಗೆ 2 ರೂಪಾಯಿ. ಎಣಿಕೆ ಅವರ ಅಂಗಳದಲ್ಲೇ, ಅವರ ಎದುರೇ. ಹಣ ಅದೇ ದಿನ, ಹಾಳೆ ಹೆಕ್ಕಿ ಒಣಗಿಸಿದವರ ಕೈಗೆ ಅಥವಾ ಅವರ ಖಾತೆಗೆ. ಈ ಕೊನೆಯ ಮಾತು ಮುಖ್ಯ. ಬೆಳಿಗ್ಗೆ ತೋಟಕ್ಕೆ ಹೋಗಿ ಬಿದ್ದ ಹಾಳೆ ಹೆಕ್ಕಿ, ಸೋಗೆಯಿಂದ ಕತ್ತಿಯಲ್ಲಿ ಬಿಡಿಸಿ, ಬಿಸಿಲಿಗೆ ಹರವಿ, ಇಬ್ಬನಿ ಬೀಳುವ ಮೊದಲು ಒಳಗಿಡುವವರು ಹೆಚ್ಚಾಗಿ ಮನೆಯ ಹೆಂಗಸರು ಅಥವಾ ತೋಟದ ಕೆಲಸದವರು. ಹಣ ಅಡಿಕೆ ಮಂಡಿಯ ಲೆಕ್ಕದ ಜೊತೆ ಸೇರಿಹೋದರೆ ಅವರಿಗೆ ಅದರ ಮುಖವೂ ಕಾಣುವುದಿಲ್ಲ, ಎರಡನೇ ತಿಂಗಳಿಗೆ ಹಾಳೆಯ ಗುಣಮಟ್ಟವೂ ಕುಸಿಯುತ್ತದೆ. ಹೆಕ್ಕಿದವರಿಗೇ ಹಣ ಎಂದಾದ ಮೇಲೆ ಹಾಳೆ ಬಿದ್ದ ದಿನವೇ ಅಂಗಳ ಸೇರತೊಡಗಿತು.

ಬಿದ್ದ ದಿನವೇ ಹೆಕ್ಕುವುದಕ್ಕೆ ಕಾರಣ ಬೂಸ್ಟು. ಒಂದು ರಾತ್ರಿ ಒದ್ದೆ ನೆಲದ ಮೇಲೆ ಬಿದ್ದಿದ್ದರೂ ಒಳಮೈಯಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಏಳುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ, ಕಾದ ಅಚ್ಚಿನಲ್ಲಿ ಒತ್ತಿದಾಗ ಇನ್ನೂ ಎದ್ದು ಕಾಣುತ್ತವೆ. ನವೆಂಬರ್ ಕೊನೆಯಿಂದ ಮೇ ಮಧ್ಯದವರೆಗೆ ಬೀಳುವ ಹಾಳೆಯೇ ಒಳ್ಳೆಯದು. ಎರಡು ಮೂರು ಬಿಸಿಲು ಸಾಕು. ಆಮೇಲೆ 50ರ ಕಟ್ಟು ಕಟ್ಟಿ, ನೆಲಕ್ಕೆ ತಾಗದಂತೆ ಅಡಿಕೆ ದಬ್ಬೆಯ ಅಟ್ಟಣಿಗೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಪೇರಿಸಬೇಕು. ಗೋಡೆಗೆ ತಾಗಿಸಿದರೆ ಗೆದ್ದಲು ಹಿಂದಿನಿಂದ ಹತ್ತುವುದು ಗೊತ್ತೇ ಆಗುವುದಿಲ್ಲ. ದಾಸ್ತಾನಿನ ಜಾಗ ಯಂತ್ರದ ಕೋಣೆಗಿಂತ ದೊಡ್ಡದಾಗಿರಬೇಕು. ಮಳೆಗಾಲಕ್ಕೆ ಬೇಕಾದ ಹಾಳೆಯನ್ನೆಲ್ಲ ಮೇ ಮುಗಿಯುವ ಮೊದಲೇ ಒಳಗೆ ತಂದಿಡಬೇಕಲ್ಲ.

ಮಳೆಗಾಲದ ಹಾಳೆಯನ್ನು ನಾವು ಕೊಳ್ಳುವುದೇ ಇಲ್ಲ. ಚುಕ್ಕೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಅಡಿಕೆ ಗೊನೆಗೆ ಬಿದ್ದ ಔಷಧಿ ಇಳಿದು ಹಾಳೆಯ ಮೇಲೂ ಕೂರುತ್ತದೆ. ಉಣ್ಣುವ ತಟ್ಟೆಗೆ ತಾಮ್ರದ ನೀಲಿ ಕಲೆಯ ಹಾಳೆ ಬೇಡ. ದನಕ್ಕೂ ಬೇಡ. ಬೇಸಿಗೆಯ ಕಟ್ಟಿನಲ್ಲೂ ಹಳೆಯ ನೀಲಿ ಹಾಳೆ ಒಂದೆರಡು ಸೇರಿಕೊಂಡಿರುತ್ತವೆ. ಅವನ್ನು ಎಣಿಕೆಯ ಹೊತ್ತಿಗೇ ಆರಿಸಿ ಪಕ್ಕಕ್ಕಿಡಬೇಕು. ಒದ್ದೆಯಾದ ಮೇಲೆ ನೀಲಿ ಮಸುಕಾಗಿ ಕಣ್ಣಿಗೆ ಬೀಳುವುದಿಲ್ಲ.

ಕಾಗದಪತ್ರದ ಕೆಲಸ ದೊಡ್ಡದಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ. ಪಂಚಾಯಿತಿಯ ಪರವಾನಗಿ ಮತ್ತು ತ್ರೀ ಫೇಸ್ ವಿದ್ಯುತ್ ಸಂಪರ್ಕ ಬೇಕು. ಸಾಲಕ್ಕೆ ಕೇಂದ್ರ ಸರ್ಕಾರದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಯೋಜನೆ ಇದೆ. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನ. ಇಲ್ಲಿ ಹಲವರು ಎಡವುವುದು ಒಂದೇ ಕಡೆ. ಸಹಾಯಧನ ಕೈಗೆ ಬರುವ ನಗದಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಹಾಳೆ ಕೊಳ್ಳುವ ಹಣಕ್ಕೆ ಕೈಹಾಕಿದರೆ ಮಾರ್ಚ್‌ನಲ್ಲಿ, ಹಾಳೆ ಹೇರಳವಾಗಿ ಬೀಳುವ ಹೊತ್ತಿಗೆ ಸರಿಯಾಗಿ, ಕೈ ಖಾಲಿಯಾಗಿರುತ್ತದೆ. ಮಳೆಗಾಲದ ದಾಸ್ತಾನಿಗೆ 60,000 ಹಾಳೆ ಎಂದರೂ 1,20,000 ರೂಪಾಯಿ ದುಡಿಮೆ ಬಂಡವಾಳ ಬೇಕು ಎಂಬುದನ್ನು ಅರ್ಜಿಯಲ್ಲೇ ಬರೆಯಿರಿ.

ಇನ್ನು ತಯಾರಿಕೆ. ಒಣಹಾಳೆಯನ್ನು ಮೊದಲು ತೊಟ್ಟಿಯಲ್ಲಿ ಮುಳುಗಿಸಬೇಕು. ಒಣಗಿದಾಗ ಸುರುಳಿಯಾಗಿರುವ ಹಾಳೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ನೀರು ಕುಡಿದು ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಒಣಗಿದ್ದಾಗಲೇ ಬ್ರಷ್ ಹಾಕಬಾರದು. ಬೂಸ್ಟಿನ ಧೂಳು ಏಳುತ್ತದೆ, ತೊಳೆಯುವವರ ಎದೆ ಹಿಡಿಯುತ್ತದೆ. ನೆನೆದ ಮೇಲೆ ಎರಡೂ ಮೈಯನ್ನು ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿ, ಪೈಪಿನ ಒತ್ತಡದ ನೀರಿನಲ್ಲಿ ತೊಳೆದು, ಕೊನೆಗೆ ಕುಡಿಯಲು ಯೋಗ್ಯವಾದ ನೀರಿನಲ್ಲಿ ಜಾಲಿಸಬೇಕು. ನೆನೆಸಿದ ನೀರು ಗಂಟೆಯೊಳಗೆ ಕಡುಚಹದ ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ ಎರಡನೇ ದಿನಕ್ಕೆ ಅದು ನಾರುತ್ತದೆ, ಆ ವಾಸನೆ ತಟ್ಟೆಗೂ ಹತ್ತುತ್ತದೆ. ಹಾಗಾಗಿ ದಿನವೂ ಬದಲಿಸಬೇಕು. ಇದರಿಂದ ದಿನಕ್ಕೆ 1,500 ಲೀಟರ್ ನೀರು ಹೋಗುತ್ತಿತ್ತು. ಇಂದು ಜಾಲಿಸಿದ ನೀರನ್ನು ನಾಳೆಯ ಮೊದಲ ನೆನೆಗೆ ಬಳಸುವ ಹಾಗೆ ಎರಡು ತೊಟ್ಟಿಗಳನ್ನು ಒಂದಡಿ ಎತ್ತರದ ವ್ಯತ್ಯಾಸದಲ್ಲಿ ಕಟ್ಟಿಸಿ, ಮಧ್ಯೆ ಒಂದು ಪೈಪು ಕೂರಿಸಿದ ಮೇಲೆ 800 ಲೀಟರ್‌ಗೆ ಇಳಿಯಿತು. ಖರ್ಚು ಸಿಮೆಂಟಿನದ್ದಷ್ಟೇ. ಹೊರಬರುವ ಕಂದು ನೀರು ಎರಡು ಇಂಗುಗುಂಡಿ ದಾಟಿ ತೋಟದ ಕಪ್ಪಿಗೆ (ಬಸಿಗಾಲುವೆಗೆ) ಹೋಗುತ್ತದೆ. ಸೋಪು, ಬ್ಲೀಚಿಂಗ್ ಏನನ್ನೂ ನೀರಿಗೆ ಹಾಕದೆ ಇರುವುದರಿಂದಷ್ಟೇ ಇದು ಸಾಧ್ಯ.

ತೊಳೆದ ಹಾಳೆಯನ್ನು ತಕ್ಷಣ ಒತ್ತುವಂತಿಲ್ಲ. ತುದಿ ಮೇಲಾಗಿ ಸಾಲಾಗಿ ನಿಲ್ಲಿಸಿ, ನೀರು ಬಸಿದು, ನೆರಳಲ್ಲಿ ಮೂರು ನಾಲ್ಕು ಗಂಟೆ ಆರಬೇಕು. ಹಾಳೆ ತಟ್ಟೆಯ ವಿದ್ಯೆಯೆಲ್ಲ ಇರುವುದು ಈ ಹದದಲ್ಲಿ. ಹೆಬ್ಬೆರಳಿನಿಂದ ದಪ್ಪ ಭಾಗವನ್ನು ಅದುಮಿದಾಗ ನೀರಿನ ಹನಿ ಕಂಡರೆ ಇನ್ನೂ ಹಸಿ. ಅಂಚನ್ನು ಮಡಿಸಿದಾಗ ‘ಚಟ್’ ಎಂದರೆ ಒಣಗಿಹೋಗಿದೆ. ಮಡಿಸಿದಾಗ ಸದ್ದಿಲ್ಲದೆ ಬಾಗಿ, ಬಿಟ್ಟಾಗ ನಿಧಾನವಾಗಿ ಹಿಂದಿರುಗಬೇಕು. ಹಸಿ ಹೆಚ್ಚಿದ್ದರೆ ಅಚ್ಚಿನೊಳಗೆ ಹಬೆ ಹೊರಗೆ ಹೋಗಲಾರದೆ ನಡುವೆ ಗುಳ್ಳೆ ಎದ್ದು ಒಳಮೈಯ ಪೊರೆ ಹರಿಯುತ್ತದೆ. ಹರಿಯದಿದ್ದರೂ ಹೊರತೆಗೆದ ಒಂದು ಗಂಟೆಯಲ್ಲಿ ಉಳಿದ ತೇವ ಆರುತ್ತ ತಟ್ಟೆ ದೋಣಿಯ ಹಾಗೆ ಸೊಟ್ಟಗಾಗುತ್ತದೆ. ಒಣಗಿದ್ದರೆ ಅಂಚು ಮಡಚುವ ಜಾಗದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಖಾಲಿ ತಟ್ಟೆಯಲ್ಲಿ ಅದು ಕಾಣುವುದಿಲ್ಲ, ಸಾರು ಬಡಿಸಿದಾಗ ಕಾಣುತ್ತದೆ. ಆದ್ದರಿಂದ ಪ್ರತಿ ತಾಸಿಗೊಮ್ಮೆ ಒಂದು ತಟ್ಟೆಗೆ ನೀರು ತುಂಬಿ ಕಾಗದದ ಮೇಲೆ ಅರ್ಧ ಗಂಟೆ ಇಡುವುದು ನಮ್ಮ ರೂಢಿ. ಕಾಗದ ಒದ್ದೆಯಾದರೆ ಆ ತಾಸಿನ ಎಲ್ಲ ತಟ್ಟೆಗಳನ್ನೂ ಬೆಳಕಿಗೆ ಹಿಡಿದು ನೋಡಬೇಕು.

ಅಚ್ಚಿನ ಬಿಸಿ ನಮ್ಮಲ್ಲಿ 90–100 ಡಿಗ್ರಿ ಸೆಲ್ಸಿಯಸ್. ಒಳಮೈ, ಎಂದರೆ ನುಣುಪಾದ ಬದಿ, ಮೇಲೆ ಬರುವಂತೆ ಹಾಳೆ ಇಟ್ಟು, ಮೊದಲು ಐದು ಸೆಕೆಂಡ್ ಹಗುರವಾಗಿ ಒತ್ತಿ ಪ್ರೆಸ್ ಸ್ವಲ್ಪ ಎತ್ತಬೇಕು. ‘ಸುಯ್’ ಎಂದು ಹಬೆ ಹೋಗುತ್ತದೆ. ಆಮೇಲೆ ಪೂರ್ತಿ ಒತ್ತಿ 45–50 ಸೆಕೆಂಡ್. ಈ ಮೊದಲ ಹಗುರ ಒತ್ತನ್ನು ಬಿಟ್ಟರೆ ದಿನಕ್ಕೆ ಇನ್ನೂ 150 ತಟ್ಟೆ ಹೆಚ್ಚು ಬರುತ್ತದೆ, ಅದರಲ್ಲಿ 100 ಸೊಟ್ಟ. ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟು ಬಿಸಿ ಏರಿದರೆ ಹಾಳೆ ಕಂದಿ ಹೊಗೆಯ ಘಾಟು ಹಿಡಿಯುತ್ತದೆ. ಹಳ್ಳಿಯ ಲೈನಿನಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಇದಕ್ಕೆ ವಿರುದ್ಧ, ಅಚ್ಚು ತಣ್ಣಗಾಗಿ ಅಂಚು ನಿಲ್ಲುವುದಿಲ್ಲ. ತಣ್ಣಗಾದ ಅಚ್ಚು ಮತ್ತೆ ಕಾಯಲು ಇಪ್ಪತ್ತು ನಿಮಿಷ. ಕರೆಂಟು ಹೋಗಿ ಬರುವ ದಿನಗಳಲ್ಲಿ ಪ್ರೆಸ್ ನಿಲ್ಲಿಸಿ ವಿಂಗಡಣೆ, ಕಟ್ಟುವ ಕೆಲಸ ಮಾಡುವುದೇ ಲಾಭ.

ಒಂದು ಮಾತು ಕೈಗಳ ಬಗ್ಗೆ. ಒದ್ದೆ ಹಾಳೆ, ಒದ್ದೆ ನೆಲ, ಕಾದ ಲೋಹ, ಹೀಟರಿನ ವೈರು ಎಲ್ಲ ಒಂದೇ ಕಡೆ ಇರುವ ಕೆಲಸ ಇದು. ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಇಎಲ್‌ಸಿಬಿ, ಸರಿಯಾದ ಅರ್ತಿಂಗ್, ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ ಗುಂಡಿ, ಇವು ಮೂರೂ ಯಂತ್ರದ ದರದಲ್ಲಿ ಸೇರಿರಬೇಕು. ಎರಡು ಗುಂಡಿಯ ವ್ಯವಸ್ಥೆ ಇಲ್ಲದ ಅಗ್ಗದ ಯಂತ್ರಗಳು ಸಿಗುತ್ತವೆ. ಒಂದು ಕೈಯಲ್ಲಿ ಹಾಳೆ ಸರಿಪಡಿಸುತ್ತ ಇನ್ನೊಂದರಲ್ಲಿ ಗುಂಡಿ ಒತ್ತುವ ಅಭ್ಯಾಸಕ್ಕೆ ಅವು ದಾರಿ ಮಾಡುತ್ತವೆ. ಬೆರಳಿಗೆ ಬೆಲೆ ಕಟ್ಟಲಾಗದು. ಅಂಥ ಯಂತ್ರ ಬೇಡ.

ಇದೇ ಕಾರಣಕ್ಕೆ ತಟ್ಟೆಗಿಷ್ಟು ಎಂಬ ಗುತ್ತಿಗೆ ಕೂಲಿಯೂ ಬೇಡ. ಎಣಿಕೆಯ ಕೂಲಿಯಲ್ಲಿ ಮೊದಲು ಮಾಯವಾಗುವುದು ಹಬೆ ಬಿಡುವ ಐದು ಸೆಕೆಂಡ್, ಆಮೇಲೆ ಎರಡನೇ ತೊಳೆತ, ಆಮೇಲೆ ಕೈಗವಸು. ದಿನಗೂಲಿ ಕೊಟ್ಟರೆ ಇವು ಮೂರೂ ಉಳಿಯುತ್ತವೆ. ನಾಲ್ಕು ಜನ, ತಲಾ 500 ರೂಪಾಯಿ. ಸರ್ಕಾರ ಕನಿಷ್ಠ ಕೂಲಿ ಏರಿಸಿದಾಗಲೆಲ್ಲ ಇದನ್ನು ನೋಡಿಕೊಂಡು ಏರಿಸಬೇಕು. ಹತ್ತು ಜನರಾದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಡ್ಡಾಯ, ಅದನ್ನು ತಪ್ಪಿಸಲು ಒಂಬತ್ತಕ್ಕೇ ನಿಲ್ಲಿಸುವ ಲೆಕ್ಕಾಚಾರ ಮಾಡಬೇಡಿ. ಹತ್ತಿರದ ಆಸ್ಪತ್ರೆಗೆ ನಲವತ್ತು ಕಿಲೋಮೀಟರ್ ಇರುವ ಊರಿನಲ್ಲಿ ಆ ಕಾರ್ಡಿಗೆ ಬಹಳ ಬೆಲೆಯಿದೆ.

ನಾವು ಹೆಚ್ಚು ಹೊತ್ತು ವಾದಿಸಿದ್ದು ತಟ್ಟೆಯ ಅಸಲು (ತಗಲುವ ಖರ್ಚು) ಕಟ್ಟುವಾಗ. 10 ಇಂಚಿನ ಒಂದು ತಟ್ಟೆಗೆ ಹಾಳೆ 1.50 ರೂಪಾಯಿ, ಹಾಳೆಯ ಬೆಲೆಯಲ್ಲಿ ಉಳಿದ 50 ಪೈಸೆ ಚಿಕ್ಕ ತಟ್ಟೆಯ ತಲೆಗೆ. ಎಲ್ಲ ಅಚ್ಚೂ ಸೇರಿ ದಿನಕ್ಕೆ ತಟ್ಟೆ, ಬಟ್ಟಲು ಒಟ್ಟು ಸುಮಾರು 1,200 ನಗ ಬರುವುದರಿಂದ ಕೂಲಿ 1.67. ಹೀಟರ್, ಮೋಟಾರ್ ಸೇರಿ ದಿನಕ್ಕೆ 25 ಯೂನಿಟ್, ಯೂನಿಟ್‌ಗೆ 8 ರೂಪಾಯಿಯಂತೆ ನಗವೊಂದಕ್ಕೆ 17 ಪೈಸೆ. ಕಟ್ಟುವುದಕ್ಕೆ 15 ಪೈಸೆ, ಸಾಗಣೆ 20, ಅಚ್ಚು ಮತ್ತು ಯಂತ್ರದ ರಿಪೇರಿ 15, ನೂರಕ್ಕೆ ಎಂಟು ರಿಜೆಕ್ಟ್ ಎಂದು 30, ಸಾಲದ ಕಂತಿಗೆ 40. ಒಟ್ಟು 4.54. ಹೆಚ್ಚಿನವರ ಅಸಲು ಇಲ್ಲಿಗೆ ಮುಗಿಯುತ್ತದೆ. ಊರಿಗೆ, ತೋಟಕ್ಕೆ ಏನಾದರೂ ಮಾಡುವುದಿದ್ದರೆ ಅದು ಲಾಭ ಬಂದ ಮೇಲಿನ ಮಾತು.

ದೊಡ್ಡ ಕಂಪನಿಗಳ ವಿಷಯದಲ್ಲಿ ಕಾನೂನು ಹಾಗೇ ಹೇಳುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಒಂದು ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಲಾಭ ಇದ್ದರೆ ತಾನೆ ಅದರಲ್ಲಿ ಎರಡು ಭಾಗ? ಹಳ್ಳಿಯ ಘಟಕಕ್ಕೆ ಒಳ್ಳೆಯ ವರ್ಷಕ್ಕಿಂತ ಹೇಗೋ ದಾಟಿದ ವರ್ಷಗಳೇ ಹೆಚ್ಚು. ಉಳಿದರೆ ಕೊಡೋಣ ಎಂದುಕೊಂಡರೆ ಉಳಿಯುವುದೇ ಇಲ್ಲ. ಕರೆಂಟ್ ಬಿಲ್ ಹೇಗೆ ಅಸಲಿನೊಳಗಿದೆಯೋ ಹಾಗೇ ಇದೂ ಅಸಲಿನೊಳಗೇ ಇರಬೇಕು ಎಂಬ ತೀರ್ಮಾನಕ್ಕೆ ಬಂದು ಎರಡು ಬಾಬು ಸೇರಿಸಿದೆವು. ಮಳೆಗಾಲದ ಕೂಲಿನಿಧಿಗೆ 25 ಪೈಸೆ, ಹಾಳೆಯ ತುಂಡನ್ನು ಗೊಬ್ಬರ ಮಾಡಿ ತೋಟಕ್ಕೆ ಹಿಂದಿರುಗಿಸುವುದಕ್ಕೆ 9 ಪೈಸೆ. ಒಟ್ಟು 34. ಅಸಲು 4.88, ಮಾರುವುದು 5.50ಕ್ಕೆ.

25 ಪೈಸೆಯ ಲೆಕ್ಕ ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದುವೆಗಳು ಕಡಿಮೆ, ಗಾಳಿಯಲ್ಲೇ ತೇವ, ಕರೆಂಟಿಗೆ ಭರವಸೆಯಿಲ್ಲ. ಸುಮಾರು 60 ಕೆಲಸದ ದಿನ ಪ್ರೆಸ್ ಪೂರ್ತಿ ನಿಲ್ಲುತ್ತದೆ. ಆ ದಿನಗಳಿಗೆ ನಾಲ್ವರಿಗೆ ಅರ್ಧ ಕೂಲಿ, ತಲಾ 250 ರೂಪಾಯಿ ಎಂದರೆ 60,000. ವರ್ಷದ 2,40,000 ನಗಗಳಿಗೆ ಹಂಚಿದರೆ 25 ಪೈಸೆ. ಪ್ರತಿ ಶನಿವಾರ ಆ ವಾರದ ನಗಗಳನ್ನು ಎಣಿಸಿ ಬೇರೆ ಖಾತೆಗೆ ಹಾಕುವುದು. ಬೇರೆ ಖಾತೆ ಎಂಬುದನ್ನು ಒತ್ತಿ ಹೇಳಬೇಕು. ಒಂದೇ ಖಾತೆಯಲ್ಲಿದ್ದರೆ ಏಪ್ರಿಲ್‌ನಲ್ಲಿ ಹಾಳೆ ಕೊಳ್ಳುವ ಭರದಲ್ಲಿ ಅದು ಕರಗಿರುತ್ತದೆ.

ಇದು ದಾನವಲ್ಲ. ಜೂನ್‌ನಲ್ಲಿ ಕೈಬಿಟ್ಟವರು ನಾಟಿ ಕೆಲಸಕ್ಕೋ ಪೇಟೆಗೋ ಹೋಗುತ್ತಾರೆ, ಅಕ್ಟೋಬರ್‌ಗೆ ಮರಳುವುದಿಲ್ಲ. ಹೊಸಬರಿಗೆ ಹಾಳೆಯ ಹದ ಹೆಬ್ಬೆರಳಿಗೆ ಹತ್ತಲು ಮೂರು ವಾರ ಬೇಕು. ಆ ಮೂರು ವಾರ ರಿಜೆಕ್ಟ್ ನೂರಕ್ಕೆ ಎಂಟರಿಂದ ಇಪ್ಪತ್ತಕ್ಕೆ ಏರುತ್ತದೆ. ಅದೂ ಕಾರ್ತಿಕ ಮಾಸದ ಆರ್ಡರ್‌ಗಳ ಹೊತ್ತಿಗೇ. ಅರ್ಧ ಕೂಲಿಯ ದಿನಗಳಲ್ಲಿ ಅಚ್ಚು ಉಜ್ಜಿ ಎಣ್ಣೆ ಹಚ್ಚುವುದು, ಎರೆಗೊಬ್ಬರದ ತೊಟ್ಟಿ ಮಗುಚುವುದು ನಡೆಯುತ್ತದೆ. ಮಳೆಗಾಲದಲ್ಲಿ ತುಕ್ಕು ಹಿಡಿದ ಅಚ್ಚಿನಲ್ಲಿ ಮೊದಲ ತಟ್ಟೆ ಒತ್ತಿದರೆ ಕೆಂಪು ಕಲೆ ಬೀಳುತ್ತದೆ, ಎಣ್ಣೆ ಹಚ್ಚಿಟ್ಟರೆ ಆ ತೊಂದರೆ ಇಲ್ಲ. ಹಚ್ಚುವ ಎಣ್ಣೆ ಅಡುಗೆಯ ಕೊಬ್ಬರಿ ಎಣ್ಣೆಯೇ ಆಗಿರಲಿ.

ಇನ್ನು 9 ಪೈಸೆ. ತಕ್ಕಡಿಗೆ ಹಾಕಿ ನೋಡಿದಾಗ ಒಣಹಾಳೆ ಸರಾಸರಿ 100 ಗ್ರಾಂ. ಅದರಲ್ಲಿ ತಟ್ಟೆಗೆ 25 ಗ್ರಾಂ, ಚಿಕ್ಕದಕ್ಕೆ 10. ಉಳಿದ 65 ಗ್ರಾಂ ಕತ್ತರಿಸಿ ಬಿಸಾಡುವ ತುಂಡು. ವರ್ಷಕ್ಕೆ 10 ಟನ್ ದಾಟುತ್ತದೆ. ಇದನ್ನು ಘಟಕದ ಹಿಂದೆ ಸುಡುವುದು ಸುಲಭ. ಆದರೆ ತೋಟದಿಂದ ತಂದದ್ದರಲ್ಲಿ ಮೂರನೇ ಎರಡು ಭಾಗವನ್ನು ಹೊಗೆ ಮಾಡಿದ ಮೇಲೆ ತಟ್ಟೆಯ ಮೇಲೆ ಎಲೆಯ ಚಿತ್ರ ಹಾಕಿ ಏನು ಬಂತು? ತೊಳೆದ ಶುದ್ಧ ತುಂಡಿನಲ್ಲಿ ಕೊಟ್ಟಿಗೆಯಿರುವ ಮನೆಗಳಿಗೆ ಬೇಕಾದಷ್ಟು ಅಲ್ಲೇ ಹೋಗುತ್ತದೆ, ಮೇವಿನ ಯಂತ್ರದಲ್ಲಿ ಸಣ್ಣಗೆ ಕೊಚ್ಚಿ ಹಿಂಡಿಯ ಜೊತೆ ಹಾಕುತ್ತಾರೆ. ಉಳಿದದ್ದು ಎರೆತೊಟ್ಟಿಗೆ.

ಹಾಳೆಯ ತುಂಡು ನೇರವಾಗಿ ಎರೆಹುಳುವಿಗೆ ಹಾಕುವಂಥದ್ದಲ್ಲ. ಗಟ್ಟಿ ನಾರು, ನೀರು ಹಿಡಿಯದ ಮೈ. ಅಂಗೈ ಅಗಲದ ತುಂಡು ಮಾಡಿ, ಹತ್ತು ಕೆ.ಜಿ.ಗೆ ಒಂದು ಕೆ.ಜಿ. ಸಗಣಿಯ ಬಗ್ಗಡದಲ್ಲಿ ನೆನೆಸಿ, ಮುಚ್ಚಿದ ಗುಂಡಿಯಲ್ಲಿ ಮೂರು ನಾಲ್ಕು ವಾರ ಬಿಡಬೇಕು. ಮೊದಲ ವಾರ ಗುಂಡಿಯೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಆ ಬಿಸಿ ಇಳಿಯುವ ಮೊದಲು ಹುಳು ಬಿಟ್ಟರೆ ಅವು ಗೋಡೆ ಹತ್ತಿ ಓಡಿಹೋಗುತ್ತವೆ ಇಲ್ಲವೇ ಸಾಯುತ್ತವೆ. ತಣ್ಣಗಾಗಿ ತುಂಡು ಕಪ್ಪಗೆ ಮೆತ್ತಗಾದ ಮೇಲೆ ಆಫ್ರಿಕಾದ ಯೂಡ್ರಿಲಸ್ ಹುಳುಗಳನ್ನು ಬಿಟ್ಟರೆ ಎರಡು ಮೂರು ತಿಂಗಳಲ್ಲಿ ಚಹಾಪುಡಿಯಂಥ ಗೊಬ್ಬರ. ಇದನ್ನು ಹಾಳೆ ಕೊಟ್ಟ ಮನೆಗಳಿಗೆ, ಕೊಟ್ಟ ಎಣಿಕೆಗೆ ಅನುಗುಣವಾಗಿ, ಬೆಲೆಯಿಲ್ಲದೆ ಹಂಚುತ್ತೇವೆ. ವರ್ಷಕ್ಕೆ ಬರುವ 21,600 ರೂಪಾಯಿಯಲ್ಲಿ ಆಳಿನ ಕೂಲಿ, ಸಗಣಿ ಮುಗಿದು ಗಾಡಿಯ ಬಾಡಿಗೆಗೂ ಸ್ವಲ್ಪ ಉಳಿಯುತ್ತದೆ.

ತಟ್ಟೆ ಒತ್ತಿ ಅಂಚು ಕತ್ತರಿಸಿದ ಮೇಲೆ ಒಂದು ಬಿಸಿಲು, ಬಿಸಿಲಿಲ್ಲದಿದ್ದರೆ ಬಿಸಿಗಾಳಿಯ ಪೆಟ್ಟಿಗೆ. ತೇವ ಉಳಿದರೆ ಪೆಟ್ಟಿಗೆಯೊಳಗೆ ಬೂಸ್ಟು ಖಚಿತ. ಒಂದು ತಟ್ಟೆಯನ್ನು ತೂಗಿ, ಬಿಸಿಗಾಳಿ ಪೆಟ್ಟಿಗೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿದರೆ ತೇವ ಎಷ್ಟಿತ್ತೆಂದು ಗೊತ್ತಾಗುತ್ತದೆ. ನೂರಕ್ಕೆ ಹತ್ತು ಮೀರಿದ್ದರೆ ನಾವು ಕಟ್ಟುವುದಿಲ್ಲ. ಬೂಸ್ಟಿಗೆ ಹೆದರಿ ಗಂಧಕದ ಹೊಗೆ ಹಾಕುವುದು, ಬಿಳುಪಿಗೆ ರಾಸಾಯನಿಕದಲ್ಲಿ ಅದ್ದುವುದು, ಮಿಂಚಲೆಂದು ಮೆರುಗು ಬಳಿಯುವುದು ಇವೆಲ್ಲ ಅಲ್ಲಲ್ಲಿ ನಡೆಯುತ್ತವೆ. ಕೃಷಿ ಉಪವಸ್ತುಗಳಿಂದ ಮಾಡಿದ ಊಟದ ಪಾತ್ರೆಗಳಿಗೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐಎಸ್ 18267 ಎಂಬ ಮಾನಕ ತಂದಿದೆ. ರಾಸಾಯನಿಕ, ರಾಳ, ಅಂಟು ಯಾವುದನ್ನೂ ಸೇರಿಸಬಾರದು ಎಂದು ಅದು ಹೇಳುತ್ತದೆ. ಆ ಮಾನಕವನ್ನು ತರಿಸಿ ಓದಿಯೇ ಕೆಲಸ ಶುರುಮಾಡುವುದು ಒಳ್ಳೆಯದು.

ಕಟ್ಟುವುದರಲ್ಲಿ ನಮಗೆ ಇನ್ನೂ ಪೂರ್ತಿ ಸಮಾಧಾನದ ದಾರಿ ಸಿಕ್ಕಿಲ್ಲ. ಪ್ಲಾಸ್ಟಿಕ್‌ಗೆ ಬದಲಾಗಿ ಬಂದ ತಟ್ಟೆಯನ್ನು 25–25ರಂತೆ ಪ್ಲಾಸ್ಟಿಕ್ ಶ್ರಿಂಕ್ ಕವರಿನಲ್ಲಿ ಸುತ್ತಿ ಕೊಡಿ ಎನ್ನುತ್ತಾರೆ ಅಂಗಡಿಯವರು. ಕಾಗದದ ಪಟ್ಟಿ, ಹತ್ತಿಯ ದಾರ ಬೇಸಿಗೆಗೆ ಸರಿ. ಜುಲೈಯ ಗಾಳಿಯಲ್ಲಿ ಕಾಗದ ತೇವ ಹೀರಿ ತಟ್ಟೆಗೆ ದಾಟಿಸುತ್ತದೆ. ಸದ್ಯಕ್ಕೆ 500 ತಟ್ಟೆಯ ರಟ್ಟಿನ ಪೆಟ್ಟಿಗೆಯೊಳಗೆ ಒಂದೇ ದಪ್ಪ ಚೀಲ, ಅದನ್ನು ಅಡುಗೆ ಗುತ್ತಿಗೆದಾರರು ಖಾಲಿ ಪೆಟ್ಟಿಗೆಯ ಜೊತೆ ಹಿಂದಿರುಗಿಸುವ ಏರ್ಪಾಡು. ಬಿಡಿ ಅಂಗಡಿಗಳಿಗೆ ಇದು ಒಗ್ಗುವುದಿಲ್ಲ, ಆದ್ದರಿಂದ ನಾವು ಮುಖ್ಯವಾಗಿ ಅಡುಗೆಯವರಿಗೆ, ದೇವಸ್ಥಾನ, ಸಭಾಭವನಗಳಿಗೆ ಮಾರುತ್ತೇವೆ.

ಬೇಡಿಕೆ ಕಾನೂನಿನಿಂದಲೂ ಬಂತು. ಕರ್ನಾಟಕದಲ್ಲಿ 2016ರಿಂದ, ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಇದೆ. ಆದರೆ ಮಾರುಕಟ್ಟೆ ಒಂದೇ ದಿಕ್ಕಿನಿಂದ ಬರುತ್ತದೆಂದು ನಂಬಿ ಕೂರಬಾರದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ), ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಆಹಾರಕ್ಕೆ ಬಳಸುವಂತಿಲ್ಲ ಎಂದಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು (ಸಸ್ಯದಲ್ಲಿರುವ ರಾಸಾಯನಿಕಗಳು) ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಆತಂಕ. ರಫ್ತನ್ನೇ ನಂಬಿ ಹತ್ತಾರು ಅಚ್ಚು ಹಾಕಿದ ಘಟಕಗಳಿಗೆ ಇದು ದೊಡ್ಡ ಹೊಡೆತ. ಮಲೆನಾಡು ಕರಾವಳಿಯಲ್ಲಿ ತಲೆತಲಾಂತರದಿಂದ ಹಾಳೆಯನ್ನು ಬಳಸಿದ್ದೇವೆ ಎಂಬ ಮಾತು ಪ್ರಯೋಗಾಲಯದ ವರದಿಗೆ ಬದಲಿಯಾಗದು. ನಾವು ಕೈಗೊಂಡದ್ದು ಎರಡು ಕೆಲಸ: ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ, ಬಿಸಿ ಮತ್ತು ಹುಳಿ ಪದಾರ್ಥಕ್ಕೆ ತಟ್ಟೆಯಿಂದ ಏನು ಇಳಿಯುತ್ತದೆ ಎಂಬ ಪರೀಕ್ಷೆ. ಮತ್ತೆ, ಚೀಟಿಯ ಮೇಲಿದ್ದ ‘ಶೇ. 100 ಸುರಕ್ಷಿತ’ ಎಂಬ ಅಕ್ಷರಗಳನ್ನು ತೆಗೆದದ್ದು. ಕೇಳಿದವರಿಗೆ ವರದಿಯ ಪ್ರತಿ ಕೊಡುತ್ತೇವೆ.

ಉಂಡೆದ್ದ ಮೇಲೆ ತಟ್ಟೆಯ ಗತಿ ಏನು? ಮದುವೆ ಮನೆಯಲ್ಲಿ ಎಂಜಲು ತಟ್ಟೆಯನ್ನು ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪಿನ ಜೊತೆ ದೊಡ್ಡ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ ಎಸೆದರೆ ಹಾಳೆಯೂ ಒಂದೇ, ಥರ್ಮಕೋಲೂ ಒಂದೇ. ಆದ್ದರಿಂದ 10 ಕಿಲೋಮೀಟರ್ ಒಳಗಿನ ಸಮಾರಂಭಗಳಿಗೆ ತಟ್ಟೆಯ ಜೊತೆಗೇ ಗೋಣಿಚೀಲ ಕಳಿಸಿ, ಮರುದಿನ ಬೆಳಿಗ್ಗೆಯೇ ವಾಪಸ್ ತರಿಸುತ್ತೇವೆ. ಮಧ್ಯಾಹ್ನವಾದರೆ ನಾಯಿ, ನೊಣ, ವಾಸನೆ. ಕೈ ತೊಳೆಯುವ ಜಾಗದಲ್ಲಿ ಎರಡು ಡ್ರಮ್ ಇಟ್ಟು ಒಬ್ಬರು ನಿಂತರೆ ಮಾತ್ರ ವಿಂಗಡಣೆ ನಡೆಯುತ್ತದೆ, ಬರೀ ಬೋರ್ಡ್ ಹಾಕಿದರೆ ನಡೆಯುವುದಿಲ್ಲ.

ಹಿಂದಿರುಗಿ ಬಂದ ತಟ್ಟೆಗಳನ್ನು ಮೊದಲ ಬಾರಿ ಹಾಗೇ ಗುಂಡಿಗೆ ಸುರಿದೆವು. ನಾಲ್ಕು ತಿಂಗಳ ಮೇಲೆ ಅಗೆದಾಗ ಹೊರಗಿನವು ಮಣ್ಣಾಗಿದ್ದವು. ಒಂದರೊಳಗೊಂದು ಕೂತಿದ್ದ ಅಟ್ಟಿಯ ನಡುವಿನವು ಮಾತ್ರ ನಿನ್ನೆ ಒತ್ತಿದಂತೆ ಹಳದಿಯಾಗಿ, ಒಣಗಿ, ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವಂತೆ ಇದ್ದವು. ಒತ್ತಿದ ತಟ್ಟೆಗಳು ಒಂದರ ಮೇಲೊಂದು ಕೂತಾಗ ನಡುವೆ ನೀರಾಗಲಿ ಹುಳುವಾಗಲಿ ನುಗ್ಗುವುದಿಲ್ಲ. ಈಗ ಚೀಲದಿಂದ ತೆಗೆದ ಕೂಡಲೆ ಬಿಡಿಸಿ, ನಾಲ್ಕು ಚೂರು ಮಾಡಿ, ಬಗ್ಗಡದಲ್ಲಿ ಅದ್ದಿಯೇ ಹಾಕುತ್ತಾರೆ. ಎಂಜಲಿನ ಉಪ್ಪು, ಎಣ್ಣೆ ಹುಳುವಿಗೆ ಆಗದು, ಹಾಗಾಗಿ ಈ ಗುಂಡಿ ಎರೆತೊಟ್ಟಿಯಿಂದ ಬೇರೆ, ಅದರ ಗೊಬ್ಬರ ಬಾಳೆಗೆ ಮತ್ತು ತೆಂಗಿಗೆ. ಎರೆಗೊಬ್ಬರದ ಚೀಲಗಳು ಅಕ್ಟೋಬರ್ ಕೊನೆಗೆ ಸಿದ್ಧವಾಗುತ್ತವೆ. ನವೆಂಬರ್‌ನಲ್ಲಿ ಮೊದಲ ಹಾಳೆ ತರಲು ಹೋಗುವ ಗಾಡಿ ಅವನ್ನು ಮನೆಮನೆಯ ಅಂಗಳದಲ್ಲಿ ಇಳಿಸಿ, ಅಲ್ಲೇ ಹಾಳೆ ಎಣಿಸಿಕೊಂಡು ಬರುತ್ತದೆ.